ಒಂಬತ್ತು ತಿಂಗಳ ಮಗು ಜೊತೆ ಸಿಂಗಾಪುರದಲ್ಲಿ 18 ದಿನ: ಓಡಾಟ ಬೇಡ, ಆರಾಮ ಬೇಕು

ಪುಟ್ಟಿಯ ಅಮ್ಮ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಮಗಳಿಗೆ ಫೆಬ್ರವರಿಗೆ ಒಂಬತ್ತು ತಿಂಗಳು ತುಂಬುತ್ತದೆ. ಮಾರ್ಚ್‌ನಲ್ಲಿ ನಾನು ಕೆಲಸಕ್ಕೆ ವಾಪಸ್. ಅಷ್ಟರೊಳಗೆ ಮೂವರೂ ಎಲ್ಲಾದರೂ ಹೋಗಿ ನಿಧಾನವಾಗಿ ಇದ್ದು ಬರಬೇಕು ಅಂತ ಆಸೆ. ಯಜಮಾನರು 18 ದಿನ ರಜೆ ಕೂಡಿಟ್ಟಿದ್ದಾರೆ.

ರೆಸಾರ್ಟ್ ಬೇಡ. ಇಷ್ಟು ದಿನ ನಾಲ್ಕು ಗೋಡೆ ನೋಡಿದ್ದೇ ಆಗಿದೆ. ನನಗೆ ಬೀದಿ ಬೇಕು, ಅಂಗಡಿ ಬೇಕು, ಜನ ಬೇಕು. ಸಂಜೆ ಮಗುವನ್ನು ಸ್ಟ್ರಾಲರ್‌ನಲ್ಲಿ ಕೂರಿಸಿಕೊಂಡು ಒಂದು ಗಂಟೆ ಸುಮ್ನೆ ನಡೆಯಬೇಕು. ನಮ್ಮ ಏರಿಯಾದಲ್ಲಿ ಫುಟ್‌ಪಾತ್ ತುಂಬಾ ಸ್ಕೂಟರ್ ನಿಂತಿರುತ್ತವೆ. ಸ್ಟ್ರಾಲರ್ ತಂದು ಆರು ತಿಂಗಳಾಯಿತು, ಗೇಟು ದಾಟಿಲ್ಲ. ಅದಕ್ಕೇ ಸಿಂಗಾಪುರ ಅಂದುಕೊಂಡಿದ್ದೇವೆ.

ಟ್ರಾವೆಲ್ ಏಜೆಂಟ್ ಒಬ್ಬರು ಕೊಟ್ಟ ಪಟ್ಟಿಯಲ್ಲಿ ಐದು ದಿನಕ್ಕೆ ಹದಿನಾಲ್ಕು ಜಾಗ ಇದೆ. ಅದು ನಮಗೆ ಆಗಲ್ಲ. ಒಂದೇ ಊರು, ಒಂದೇ ಮನೆ, ದಿನಕ್ಕೊಂದು ಜಾಗ ಸಾಕು. ಹೀಗೆ ಮಾಡಿದವರು ಯಾರಾದರೂ ಇದ್ದೀರಾ? ಎಲ್ಲಿ ಉಳಿಯಬೇಕು, ರಾತ್ರಿ ವಿಮಾನವೋ ಹಗಲೋ, ಮಗುವಿನ ಊಟಕ್ಕೆ ಏನು ಮಾಡಬೇಕು, ಅತ್ತೆಯವರನ್ನು ಕರೆದುಕೊಂಡು ಹೋಗಬೇಕೋ ಬೇಡವೋ, ಎಲ್ಲಾ ಹೇಳಿ.

ಅವಳಿ ಮಕ್ಕಳ ಅಪ್ಪ, ಹುಬ್ಬಳ್ಳಿ

ಮೊದಲು ಪಾಸ್‌ಪೋರ್ಟ್ ನೋಡ್ರಿ ಮೇಡಂ, ಉಳಿದದ್ದೆಲ್ಲಾ ಆಮೇಲೆ. ಎಷ್ಟೇ ಚಿಕ್ಕ ಮಗು ಆದರೂ ಅದಕ್ಕೆ ಅದರದೇ ಪಾಸ್‌ಪೋರ್ಟ್ ಬೇಕು, ಅದರದೇ ವೀಸಾ ಬೇಕು. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ಬರೆದಿದೆಯಾ ಅಂತ ಇವತ್ತೇ ತೆಗೆದು ನೋಡಿ. ನಮ್ಮ ಮಕ್ಕಳದರಲ್ಲಿ ಹೆಸರಿನ ಜಾಗ ಖಾಲಿ ಇತ್ತು. ನಾಮಕರಣ ಆದಮೇಲೆ ಸೇರಿಸುವುದು ಮರೆತೇ ಹೋಗಿತ್ತು. ಅದನ್ನು ಸರಿ ಮಾಡಿಸಲಿಕ್ಕೇ ಮೂರು ವಾರ ಹೋಯಿತು. ಅಪ್ಪ ಅಮ್ಮ ಇಬ್ಬರ ಒಪ್ಪಿಗೆಯ ಘೋಷಣೆಯೂ ಬೇಕು. ಚಿಕ್ಕ ಮಕ್ಕಳ ಪಾಸ್‌ಪೋರ್ಟ್ ಐದು ವರ್ಷಕ್ಕೆ ಕೊಡುತ್ತಾರೆ.

ಫೋಟೋ ಒಂದು ದೊಡ್ಡ ಕೆಲಸ. ಬಿಳಿ ಹಿನ್ನೆಲೆ, ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಯಾರ ಕೈಯೂ ಕಾಣಬಾರದು. ನಾವು ಹಾಸಿಗೆ ಮೇಲೆ ಬಿಳಿ ಪಂಚೆ ಹಾಸಿ, ಮಗುವನ್ನು ಅಂಗಾತ ಮಲಗಿಸಿ, ಕಿಟಕಿ ಬೆಳಕಿನಲ್ಲಿ ಮೇಲಿಂದ ತೆಗೆದೆವು. ನಮ್ಮವ್ವ ನನ್ನ ಬೆನ್ನ ಹಿಂದೆ ನಿಂತು ಬೀಗದ ಕೈ ಗೊಂಚಲು ಆಡಿಸುತ್ತಿದ್ದರು. ಶಬ್ದಕ್ಕೆ ಮಗು ಒಂದು ಕ್ಷಣ ಬಾಯಿ ಮುಚ್ಚಿ ನೋಡುತ್ತದೆ. ಆ ಕ್ಷಣದಲ್ಲಿ ಒತ್ತಬೇಕು.

ಸಿಂಗಾಪುರದ ವೀಸಾ ಅವರು ಒಪ್ಪಿದ ಏಜೆಂಟರ ಮೂಲಕ ಆಗುತ್ತದೆ. ಅದಲ್ಲದೆ ಅಲ್ಲಿ ಇಳಿಯುವುದಕ್ಕೆ ಮೊದಲಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್ ತುಂಬಬೇಕು, ಮಗುವಿಗೂ ಸೇರಿಸಿ. ಅದು ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಬಂದರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ.

ಮಂಡ್ಯದವನು

ತಪ್ಪು ತಿಳಿಯಬೇಡಿ ಅಕ್ಕ. ಇಷ್ಟು ಖರ್ಚು ಮಾಡುವುದಾದರೆ ಮಗುವಿಗೆ ನಾಲ್ಕೈದು ವರ್ಷ ಆಗಲಿ. ಈಗ ಅದಕ್ಕೆ ಏನು ಗೊತ್ತಾಗುತ್ತೆ?

ಪುಟ್ಟಿಯ ಅಮ್ಮ, ಬೆಂಗಳೂರು

ತಪ್ಪು ತಿಳಿದಿಲ್ಲ ಅಣ್ಣ. ನಮ್ಮ ಮನೆಯವರು ಆಫೀಸಿನಿಂದ ಬರುವಾಗ ರಾತ್ರಿ ಎಂಟೂವರೆ. ಮಗಳು ಎಂಟಕ್ಕೇ ಮಲಗುತ್ತಾಳೆ. ವಾರದ ಐದು ದಿನ ಅವರು ಅವಳನ್ನು ನೋಡುವುದು ನಿದ್ದೆಯಲ್ಲೇ. ಹದಿನೆಂಟು ದಿನ ಅವಳು ಎದ್ದಾಗ ಎದುರಿಗೆ ಅಪ್ಪ ಇರುತ್ತಾರೆ ಅನ್ನುವುದಕ್ಕೇ ಈ ಪ್ರವಾಸ. ಜಾಗ ಅವಳಿಗೆ ನೆನಪಿರದಿದ್ದರೂ ಪರವಾಗಿಲ್ಲ.

ಸೆರಂಗೂನ್ ಕನ್ನಡಿಗ, ಸಿಂಗಾಪುರ

ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷ. ಎರಡು ಮಕ್ಕಳೂ ಇಲ್ಲೇ ಹುಟ್ಟಿದವು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಉಳಿಯುವ ವಿಷಯ ಮೊದಲು. ಯಾವುದೋ ಆ್ಯಪ್‌ನಲ್ಲಿ ಯಾರದೋ ಮನೆ ಸಿಕ್ಕಿತು ಅಂತ ಬುಕ್ ಮಾಡಬೇಡಿ. ಇಲ್ಲಿ ಖಾಸಗಿ ಮನೆಗಳನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧ. ಸರ್ಕಾರಿ ಎಚ್‌ಡಿಬಿ ಮನೆಗಳಿಗೆ ಆರು ತಿಂಗಳು. ನಮ್ಮ ಪರಿಚಯದ ಕುಟುಂಬ ಒಂದು ಹೀಗೆ ಬುಕ್ ಮಾಡಿ, ಹೊರಡುವ ಎರಡು ದಿನ ಮೊದಲು ಮನೆಯವನು ಆಗಲ್ಲ ಅಂದ. ಕೈಯಲ್ಲಿ ಮಗು ಇಟ್ಟುಕೊಂಡು ಆ ಪರದಾಟ ಬೇಡ. ನಿಮಗೆ ಸರಿಯಾದದ್ದು ಸರ್ವಿಸ್ ಅಪಾರ್ಟ್‌ಮೆಂಟ್. ಕನಿಷ್ಠ ಏಳು ದಿನ ಇರಬೇಕು ಅನ್ನುವುದು ಅವಕ್ಕಿರುವ ನಿಯಮ, ನೀವು 18 ದಿನ ಇರುವವರು. ಅಡುಗೆಮನೆ, ವಾಷಿಂಗ್ ಮೆಷಿನ್, ಫ್ರಿಜ್ ಇರುತ್ತದೆ. ಮಗುವಿಗೆ ತೊಟ್ಟಿಲು ಮಂಚ ಕೇಳಿದರೆ ಕೊಡುತ್ತಾರೆ. ಅಗ್ಗ ಅಲ್ಲ. ಆದರೆ ಬೇರೆ ಕಡೆ ಟಿಕೆಟ್ಟಿಗೆ ಹೋಗುವ ದುಡ್ಡು ನಿಮಗೆ ಉಳಿಯುತ್ತದೆ, ಅದನ್ನು ಇಲ್ಲಿ ಹಾಕಿ. ನೀವು ದಿನದ ಅರ್ಧ ಹೊತ್ತು ಆ ಮನೆಯಲ್ಲೇ ಇರುತ್ತೀರಿ ಅಲ್ವಾ?

ಏರಿಯಾ ಅಂದರೆ ಫಾರರ್ ಪಾರ್ಕ್ ಅಥವಾ ನೊವೀನಾ ಕಡೆ ನೋಡಿ. ಎಂಆರ್‌ಟಿ, ಅಂದರೆ ಇಲ್ಲಿನ ಮೆಟ್ರೋ ಸ್ಟೇಷನ್ನಿಗೆ ಐದು ನಿಮಿಷದ ನಡಿಗೆ ಇರಲಿ. ಎಲ್ಲಾ ಸ್ಟೇಷನ್‌ನಲ್ಲೂ ಲಿಫ್ಟ್ ಇದೆ. 90 ಸೆಂಟಿಮೀಟರ್‌ಗಿಂತ ಗಿಡ್ಡ ಇರುವ ಮಕ್ಕಳಿಗೆ ರೈಲು, ಬಸ್ಸು ಎರಡೂ ಫ್ರೀ. ಬಸ್ಸಿನಲ್ಲಿ 2017ರಿಂದ ಸ್ಟ್ರಾಲರ್ ಮಡಚದೆ ಹತ್ತಿಸಬಹುದು. ಆದರೆ ರೈಲಿನಲ್ಲಿ, ಸ್ಟೇಷನ್ ಒಳಗೆ ತಿನ್ನುವುದು ಕುಡಿಯುವುದು ಮಾಡುವ ಹಾಗಿಲ್ಲ, 500 ಡಾಲರ್ ವರೆಗೆ ದಂಡ. ಮಗುವಿಗೆ ತಿನ್ನಿಸುವುದಿದ್ದರೆ ಗೇಟು ದಾಟುವ ಮೊದಲೇ ಮುಗಿಸಿ.

ಕಾರಿನ ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. ಇಲ್ಲಿ 1.35 ಮೀಟರ್‌ಗಿಂತ ಗಿಡ್ಡ ಇರುವವರಿಗೆ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ. ಮೀಟರ್ ಟ್ಯಾಕ್ಸಿಗಳಿಗೆ ಮಾತ್ರ ವಿನಾಯಿತಿ. ಆ್ಯಪ್‌ನಲ್ಲಿ ಕರೆಯುವ ಖಾಸಗಿ ಕಾರಿಗೆ ಸೀಟು ಇರಲೇಬೇಕು, ಇಲ್ಲದಿದ್ದರೆ ಚಾಲಕ ಹತ್ತಿಸುವುದಿಲ್ಲ. ಕಾನೂನು ಬಿಟ್ಟರೂ ಮಗುವಿನ ದೃಷ್ಟಿಯಿಂದ ರೈಲು, ಬಸ್ಸೇ ಒಳ್ಳೆಯದು.

ನಮ್ಮವರ ಅಂಗಡಿಗಳಿರುವ ಲಿಟಲ್ ಇಂಡಿಯಾಗೆ ನೀವು ಹೋಗೇ ಹೋಗುತ್ತೀರಿ. ಹಳೇ ಅಂಗಡಿ ಸಾಲಿನ ಮುಂದೆ ನಮ್ಮ ಹಳ್ಳಿ ಮನೆಯ ಜಗಲಿ ಹಾಗೆ ಮಾಡು ಇರುವ ದಾರಿ ಇದೆ. ಮಳೆ ಬಂದರೂ ನೆನೆಯುವುದಿಲ್ಲ. ಆದರೆ ಒಂದೊಂದು ಅಂಗಡಿಯ ಜಗಲಿಯೂ ಒಂದೊಂದು ಎತ್ತರ. ಹತ್ತು ಹೆಜ್ಜೆಗೊಂದು ಮೆಟ್ಟಿಲು, ಪಕ್ಕದಲ್ಲಿ ತರಕಾರಿ ಬುಟ್ಟಿ. ಅಲ್ಲಿಗೆ ಸ್ಟ್ರಾಲರ್ ಬೇಡ, ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ತಗೊಳ್ಳಿ. ಭಾನುವಾರ ಸಂಜೆ ಹೋಗಬೇಡಿ. ದುಡಿಯುವ ಹುಡುಗರಿಗೆಲ್ಲಾ ಅವತ್ತೊಂದೇ ರಜೆ, ಕಾಲಿಡಲು ಜಾಗ ಇರಲ್ಲ.

ಇನ್ನೊಂದು, ದಯವಿಟ್ಟು ಇದನ್ನು ಮರೆಯಬೇಡಿ: ಸಾಮಾನಿನಲ್ಲಿ ಗಸಗಸೆ ಇರಬಾರದು. ಇಲ್ಲಿ ಅದು ನಿಷೇಧಿತ. ಅಮ್ಮಂದಿರು ಪ್ರೀತಿಯಿಂದ ಕಟ್ಟಿಕೊಡುವ ಸಾಗು ಮಸಾಲೆ ಪುಡಿಯಲ್ಲಿ ಎಷ್ಟೋ ಸಲ ಅದು ಸೇರಿರುತ್ತದೆ. ಕೇಳಿಯೇ ತುಂಬಿಸಿ.

ಕುಡ್ಲದ ಅಮ್ಮ, ಮಂಗಳೂರು

ಗಸಗಸೆ ವಿಷಯ ಹೇಳಿದ್ದು ಒಳ್ಳೆಯದಾಯಿತು. ನಾವು ಹೋಗುವಾಗ ಯಾರೂ ಹೇಳಿರಲಿಲ್ಲ.

ನಾನು ಹೇಳಬೇಕಾದದ್ದು ಒಂದೇ. ಗಡಿಯಾರ ಬದಲಾಯಿಸಬೇಡಿ! ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಎಲ್ಲರೂ ಮಗುವನ್ನು ಅಲ್ಲಿನ ಹೊತ್ತಿಗೆ ಒಗ್ಗಿಸಲು ಹೋಗಿ ನಾಲ್ಕು ದಿನ ನಿದ್ದೆ ಕೆಡಿಸಿಕೊಳ್ಳುತ್ತಾರೆ. ನಾವು ಮಗನನ್ನು ನಮ್ಮೂರಿನ ಹೊತ್ತಿನಲ್ಲೇ ಇಟ್ಟೆವು. ಲೆಕ್ಕ ಹಾಕಿ ನೋಡಿ. ಊರಿನಲ್ಲಿ ರಾತ್ರಿ ಎಂಟಕ್ಕೆ ಮಲಗುವ ಮಗು ಅಲ್ಲಿ ಹತ್ತೂವರೆಗೆ ಮಲಗುತ್ತದೆ. ಬೆಳಗ್ಗೆ ಆರೂವರೆಗೆ ಏಳುವುದು ಅಲ್ಲಿ ಒಂಬತ್ತಾಗುತ್ತದೆ. ಬೆಳಗಿನ ಒಂಬತ್ತೂವರೆಯ ನಿದ್ದೆ ಅಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ, ಅಂದರೆ ಸುಡು ಬಿಸಿಲಿನ ಹೊತ್ತಿಗೆ ಮಗು ರೂಮಿನಲ್ಲಿ ತಣ್ಣಗೆ ಮಲಗಿರುತ್ತದೆ. ಸಂಜೆ ಏಳೂಮುಕ್ಕಾಲಿಗೆ ಗಾರ್ಡನ್ಸ್ ಬೈ ದ ಬೇ ಉದ್ಯಾನದಲ್ಲಿ ಆ ದೊಡ್ಡ ಕೃತಕ ಮರಗಳ ದೀಪದ ಆಟ ಶುರುವಾಗುವಾಗ ಮಗುವಿಗೆ ಇನ್ನೂ ಐದೂಕಾಲು! ಹಠ ಇಲ್ಲ, ಅಳು ಇಲ್ಲ.

ಒಂದೇ ತೊಂದರೆ ಬೆಳಕು. ಅಲ್ಲಿ ವರ್ಷವಿಡೀ ಹೆಚ್ಚುಕಡಿಮೆ ಏಳಕ್ಕೆ ಬೆಳಗು, ಏಳಕ್ಕೆ ಕತ್ತಲು. ಕಿಟಕಿಗೆ ದಪ್ಪ ಪರದೆ ಇದೆಯಾ ಅಂತ ಬುಕ್ ಮಾಡುವ ಮೊದಲು ಕೇಳಿ. ಇಲ್ಲದಿದ್ದರೆ ಮಗು ನಮ್ಮೂರಿನ ನಾಲ್ಕೂವರೆಗೇ ಎದ್ದು ಕೂತ ಹಾಗಾಗುತ್ತದೆ.

ವಿಮಾನ ಸುಮಾರು ನಾಲ್ಕೂವರೆ ಗಂಟೆ. ನಾನು ಹಗಲಿನದ್ದೇ ಹೇಳುತ್ತೇನೆ. ರಾತ್ರಿ ವಿಮಾನದಲ್ಲಿ ಮಗು ಮಲಗುತ್ತದೆ ಅನ್ನುವುದು ನಿಜ, ಆದರೆ ಬೆಳಗ್ಗೆ ಇಳಿದರೆ ರೂಮು ಸಿಗುವುದು ಮಧ್ಯಾಹ್ನ. ಆ ಆರೇಳು ಗಂಟೆ ನಿದ್ದೆಗೆಟ್ಟ ಅಪ್ಪ ಅಮ್ಮ ಎಲ್ಲಿ ಕೂರಬೇಕು?

ಅವಳಿ ಮಕ್ಕಳ ಅಪ್ಪ, ಹುಬ್ಬಳ್ಳಿ

ಇದಕ್ಕೆ ನಾನು ಒಪ್ಪಲ್ಲ ಅಕ್ಕ. ನಮ್ಮ ಹುಡುಗರು ಹಗಲಿನ ವಿಮಾನದಲ್ಲಿ ಒಂದು ನಿಮಿಷ ಕೂರಲಿಲ್ಲ. ತೆವಳುವ ವಯಸ್ಸು ಅದು. ರಾತ್ರಿ ವಿಮಾನ ಹಿಡಿದು, ಹಿಂದಿನ ರಾತ್ರಿಗೂ ಸೇರಿಸಿ ರೂಮು ಬುಕ್ ಮಾಡಿದರೆ ಇಳಿದ ತಕ್ಷಣ ಹೋಗಿ ಮಲಗಬಹುದು. ಒಂದು ದಿನದ ಬಾಡಿಗೆ ಹೆಚ್ಚು, ಅಷ್ಟೇ.

ಯಾವುದೇ ವಿಮಾನ ಆಗಲಿ, ಮುಂದಿನ ಗೋಡೆ ಪಕ್ಕದ ಸೀಟು ಮತ್ತು ಬ್ಯಾಸಿನೆಟ್ (ಆ ಗೋಡೆಗೆ ಸಿಕ್ಕಿಸುವ ಪುಟ್ಟ ತೊಟ್ಟಿಲು) ಟಿಕೆಟ್ ಮಾಡುವಾಗಲೇ ಫೋನ್ ಮಾಡಿ ಕೇಳಿ. ತೂಕದ ಮಿತಿ ಒಂದೊಂದು ವಿಮಾನಕ್ಕೆ ಒಂದೊಂದು ತರ, ಒಂಬತ್ತು ತಿಂಗಳ ಮಗು ಮಿತಿ ದಾಟಿರಬಹುದು. ಇಳಿಯುವಾಗ ಕಿವಿ ಕಟ್ಟುತ್ತದೆ, ಆಗ ಹಾಲು ಕೊಡಬೇಕು. ಚಕ್ರ ನೆಲಕ್ಕೆ ತಾಗುವ ಹೊತ್ತಿಗಲ್ಲ, ಅದಕ್ಕಿಂತ ಅರ್ಧ ಗಂಟೆ ಮೊದಲು, ವಿಮಾನ ಕೆಳಗೆ ಬರಲು ಶುರು ಮಾಡಿದಾಗಲೇ.

ಮಕ್ಕಳ ವಾರ್ಡಿನ ನರ್ಸ್, ಶಿವಮೊಗ್ಗ

ಒಂಬತ್ತು ತಿಂಗಳಿಗೆ ದಡಾರದ ಲಸಿಕೆ ಬರುತ್ತದೆ, ಅದನ್ನು ತಪ್ಪಿಸಬೇಡಿ. ಆದರೆ ಆ ಲಸಿಕೆಯ ಜ್ವರ ಅವತ್ತೇ ಬರುವುದಿಲ್ಲ. ಬಂದರೆ ಒಂದು ವಾರ, ಹತ್ತು ದಿನ ಕಳೆದ ಮೇಲೆ ಬರುತ್ತದೆ. ಹೊರಡುವ ಹಿಂದಿನ ದಿನ ಹಾಕಿಸಿಕೊಂಡು ಹೋದರೆ ಜ್ವರ ಸಿಂಗಾಪುರದಲ್ಲಿ! ನಿಮ್ಮ ಮಕ್ಕಳ ಡಾಕ್ಟರಿಗೆ ಪ್ರಯಾಣದ ದಿನ ಹೇಳಿ, ಯಾವಾಗ ಹಾಕಿಸಬೇಕು ಅಂತ ಈಗಲೇ ತೀರ್ಮಾನ ಮಾಡಿ. ಜ್ವರದ ಔಷಧಿ ಎಷ್ಟು ಮಿಲಿ ಅಂತ ಮಗುವಿನ ಈಗಿನ ತೂಕಕ್ಕೆ ಬರೆಸಿಕೊಳ್ಳಿ. ಓಆರ್‌ಎಸ್ ಪೊಟ್ಟಣ, ಥರ್ಮಾಮೀಟರ್ ಕೈಚೀಲದಲ್ಲೇ ಇರಲಿ.

ಸಿಂಗಾಪುರ ಎಷ್ಟೇ ಚೊಕ್ಕಟ ಇದ್ದರೂ ಡೆಂಗಿ ಇದೆ. ಆ ಸೊಳ್ಳೆ ಹಗಲು ಕಚ್ಚುತ್ತದೆ. ತೆಳು ಹತ್ತಿಯ ತುಂಬು ತೋಳಿನ ಅಂಗಿ, ಸ್ಟ್ರಾಲರ್‌ಗೆ ಸೊಳ್ಳೆ ಪರದೆ. ಬಿಸಿಲು ಅಂತ ಸ್ಟ್ರಾಲರ್ ಮೇಲೆ ದಪ್ಪ ದುಪಟ್ಟಾ ಮುಚ್ಚಬೇಡಿ. ಒಳಗೆ ಗಾಳಿ ಆಡದೆ ಸೆಕೆ ಏರುತ್ತದೆ, ಹೊರಗಿನಿಂದ ನಮಗೆ ಗೊತ್ತೇ ಆಗುವುದಿಲ್ಲ. ಪ್ರಯಾಣ ವಿಮೆ ಮಗುವಿನ ಹೆಸರಿನಲ್ಲೂ ಮಾಡಿಸಿ.

ಸೆರಂಗೂನ್ ಕನ್ನಡಿಗ, ಸಿಂಗಾಪುರ

ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕೆಕೆ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ ಲಿಟಲ್ ಇಂಡಿಯಾ ಸ್ಟೇಷನ್ ಹತ್ತಿರವೇ ಇದೆ, ಮಕ್ಕಳ ತುರ್ತು ಚಿಕಿತ್ಸೆ 24 ಗಂಟೆಯೂ ತೆರೆದಿರುತ್ತದೆ. ನಾನು ಫಾರರ್ ಪಾರ್ಕ್ ಅಂದಿದ್ದಕ್ಕೆ ಇದೂ ಒಂದು ಕಾರಣ. ಹೊರದೇಶದವರಿಗೆ ಖರ್ಚು ಜಾಸ್ತಿ, ವಿಮೆ ಬೇಕೇ ಬೇಕು.

ಮೈಸೂರಿನ ಅಜ್ಜಿ

ಮಗಳೇ, ನಾನು ನನ್ನ ಮಗಳು ಅಳಿಯನ ಜೊತೆ ಹೀಗೆ ಹೋಗಿ ಬಂದವಳು. ಅತ್ತೆಯವರ ಬಗ್ಗೆ ಯಾರೂ ಬರೆಯಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಕರೆದುಕೊಂಡು ಹೋಗುವುದಾದರೆ ಅವರಿಗೂ ಅದು ಪ್ರವಾಸ ಆಗಿರಬೇಕು. ಮಗು ನೋಡಿಕೊಳ್ಳಲಿಕ್ಕೆ ಅಂತ ಕರೆಯಬೇಡ. ನನಗೆ ಬೇರೆ ರೂಮು ಮಾಡಿದ್ದರು. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗುತ್ತಿದ್ದೆ. ದಿನ ಬಿಟ್ಟು ದಿನ ಸಂಜೆ ಎರಡು ಗಂಟೆ ಮೊಮ್ಮಗನನ್ನು ನಾನು ಇಟ್ಟುಕೊಂಡೆ, ಅವರಿಬ್ಬರೂ ಕೈ ಹಿಡಿದು ಸುತ್ತಾಡಿ ಬಂದರು. ಉಳಿದ ದಿನ ನನ್ನನ್ನು ಸೆರಂಗೂನ್ ರಸ್ತೆಯ ಶ್ರೀನಿವಾಸ ಪೆರುಮಾಳ್ ದೇವಸ್ಥಾನಕ್ಕೆ ಕರೆದುಕೊಂಡು ಹೋದರು, ಹೂವಿನಂಗಡಿ ತೋರಿಸಿದರು. ಅಲ್ಲೇ ಎದುರಿಗೆ ನಮ್ಮ ಎಂಟಿಆರ್ ಇದೆ! 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು, ಅಷ್ಟು ದೂರದಲ್ಲಿ ಕನ್ನಡದ ಹೆಸರು ಹೊತ್ತ ತಿಂಡಿ ಸಿಕ್ಕಿದಾಗ ನನಗೆ ಗಂಟಲು ತುಂಬಿ ಬಂತು. ಮೊಮ್ಮಗ ರವೆ ಇಡ್ಲಿಯನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿ, ಬೆರಳ ಸಂದಿಯಿಂದ ಬಂದದ್ದನ್ನು ಒಂದೊಂದಾಗಿ ಚೀಪಿದ.

ಮಂಡಿ ನೋವಿದ್ದರೆ ಮೊದಲೇ ಹೇಳಲು ಅವರಿಗೆ ಧೈರ್ಯ ಕೊಡು. ನಮ್ಮ ಕಾಲದವರು ಬಾಯಿ ಬಿಟ್ಟು ಹೇಳುವುದಿಲ್ಲ.

ಪುಟ್ಟಿಯ ಅಮ್ಮ, ಬೆಂಗಳೂರು

ಅಮ್ಮ, ನಿಮ್ಮ ಮಾತು ಅತ್ತೆಗೆ ಓದಿ ಹೇಳಿದೆ. "ನನಗೆ ಮಂಡಿ ನೋವಿದೆ, ಈ ಸಲ ನೀವು ಮೂವರೇ ಹೋಗಿ ಬನ್ನಿ" ಅಂದರು. ಇಷ್ಟು ದಿನ ಹೇಳಿರಲೇ ಇಲ್ಲ. ಮೊದಲು ಅವರನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇವೆ.

ಇದು ನನ್ನ ಪಟ್ಟಿ: ಬೊಟಾನಿಕ್ ಗಾರ್ಡನ್ಸ್, ಗಾರ್ಡನ್ಸ್ ಬೈ ದ ಬೇ, ಮೃಗಾಲಯ, ಬರ್ಡ್ ಪ್ಯಾರಡೈಸ್, ನೈಟ್ ಸಫಾರಿ, ಸೆಂಟೋಸಾ, ಈಸ್ಟ್ ಕೋಸ್ಟ್ ಪಾರ್ಕ್, ಚೈನಾಟೌನ್. ಜಾಸ್ತಿ ಆಯಿತಾ?

ಕುಡ್ಲದ ಅಮ್ಮ, ಮಂಗಳೂರು

ನೈಟ್ ಸಫಾರಿ ತೆಗೆಯಿರಿ. ಕತ್ತಲಲ್ಲಿ ಮಗುವಿಗೆ ಏನೂ ಕಾಣುವುದಿಲ್ಲ, ಅಲ್ಲಿಂದ ಮನೆಗೆ ಬಹಳ ದೂರ. ಮೃಗಾಲಯ, ಬರ್ಡ್ ಪ್ಯಾರಡೈಸ್ ಎರಡರಲ್ಲಿ ಒಂದು ಸಾಕು. ಹಕ್ಕಿಗಳಾದರೆ ತಲೆ ಮೇಲೇ ಹಾರುತ್ತವೆ, ಈ ವಯಸ್ಸಿಗೆ ಅದೇ ಚೆಂದ.

ಸೆರಂಗೂನ್ ಕನ್ನಡಿಗ, ಸಿಂಗಾಪುರ

ಬೊಟಾನಿಕ್ ಗಾರ್ಡನ್ಸ್ ಒಂದು ದಿನದ ಜಾಗ ಅಂತ ಬರೆಯಬೇಡಿ. ಅದನ್ನು ನಿಮ್ಮ ಹಿತ್ತಲು ಅಂದುಕೊಳ್ಳಿ. 1859ರ ತೋಟ, 2015ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಬೆಳಗ್ಗೆ ಐದರಿಂದ ರಾತ್ರಿ ಹನ್ನೆರಡರವರೆಗೆ ತೆರೆದಿರುತ್ತದೆ, ಆರ್ಕಿಡ್ ತೋಟ ಬಿಟ್ಟರೆ ಟಿಕೆಟ್ ಇಲ್ಲ. ವಾರಕ್ಕೆ ಮೂರು ಸಲ ಹೋಗಿ. ಒಂದು ಚಾದರ, ಒಂದು ಡಬ್ಬಿ ಅವಲಕ್ಕಿ ಇದ್ದರೆ ಸಾಕು. ಐದು ಡಾಲರ್ ನೋಟಿನ ಹಿಂದೆ ಒಂದು ಮರದ ಚಿತ್ರ ಇದೆ. ಆ ತೆಂಬುಸು ಮರ ಅಲ್ಲೇ ನಿಂತಿದೆ, ಹೋಗಿ ನೋಡಿ.

ಫೆಬ್ರವರಿ ಮಳೆ ಕಡಿಮೆ ಇರುವ ತಿಂಗಳು, ಒಳ್ಳೆಯ ಆಯ್ಕೆ. ಆದರೆ ಚೀನೀ ಹೊಸ ವರ್ಷ ಯಾವತ್ತು ಬರುತ್ತದೆ ನೋಡಿಕೊಳ್ಳಿ. ಆ ಎರಡು ಮೂರು ದಿನ ತುಂಬಾ ಅಂಗಡಿ, ತಿಂಡಿ ಗಾಡಿ ಮುಚ್ಚಿರುತ್ತವೆ. ತಮಿಳರ ಮುರುಗನ ಹಬ್ಬ ತೈಪೂಸಂ ದಿನ ಸೆರಂಗೂನ್ ರಸ್ತೆ ಪೂರ್ತಿ ಮೆರವಣಿಗೆ.

ಪುಟ್ಟಿಯ ಅಮ್ಮ, ಬೆಂಗಳೂರು

ಊರಿಗೆ ವಾಪಸ್ ಬಂದು ನಾಲ್ಕು ದಿನ ಆಯಿತು. ಬಟ್ಟೆ ಇನ್ನೂ ಮಡಚಿಲ್ಲ, ಆದರೆ ಮೊದಲು ನಿಮಗೆಲ್ಲಾ ಬರೆಯಬೇಕು ಅನಿಸಿತು.

ಫಾರರ್ ಪಾರ್ಕ್ ಹತ್ತಿರ ಸರ್ವಿಸ್ ಅಪಾರ್ಟ್‌ಮೆಂಟ್ ತಗೊಂಡೆವು. ತೊಟ್ಟಿಲು ಮಂಚ ಮೊದಲೇ ಬರೆದು ಕೇಳಿದ್ದರೂ ಬಂದದ್ದು ಎರಡನೇ ರಾತ್ರಿ. ಮೊದಲ ರಾತ್ರಿ ಮಂಚವನ್ನು ಗೋಡೆಗೆ ತಳ್ಳಿ, ಇನ್ನೊಂದು ಬದಿಗೆ ಅವರಪ್ಪ ಅಡ್ಡ ಮಲಗಿದರು. ಹೊರಡುವ ಹಿಂದಿನ ದಿನ ಇನ್ನೊಮ್ಮೆ ಫೋನ್ ಮಾಡಿ ಕೇಳಿ, ಇದು ಮುಂದೆ ಹೋಗುವವರಿಗೆ.

ಗಡಿಯಾರ ಬದಲಾಯಿಸಲಿಲ್ಲ. ಕುಡ್ಲದ ಅಕ್ಕ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಹನ್ನೆರಡಕ್ಕೆ ಅವಳು ಮಲಗಿದರೆ ನಾನು ಅನ್ನ, ಹೆಸರುಬೇಳೆ, ಒಂದು ಕ್ಯಾರೆಟ್ ಹಾಕಿ ಕುಕ್ಕರ್ ಇಡುತ್ತಿದ್ದೆ. ಮನೆಯಿಂದ ರಾಗಿ ಸರಿ ಒಂದೂವರೆ ಕೆಜಿ ಒಯ್ದಿದ್ದೆ, ಅದು ಬೆಳಗಿನ ಊಟ. ತರಕಾರಿ, ಬಾಳೆಹಣ್ಣು ಲಿಟಲ್ ಇಂಡಿಯಾದ ತೆಕ್ಕಾ ಮಾರ್ಕೆಟ್‌ನಲ್ಲಿ. ಕರಿಬೇವು ಕೂಡ ಸಿಗುತ್ತದೆ! ನಲ್ಲಿ ನೀರನ್ನೇ ಕುಡಿಯಬಹುದು, ಆದರೂ ಅವಳಿಗೆ ಕಾಯಿಸಿಯೇ ಕೊಟ್ಟೆ. ಮಾಲ್‌ಗಳಲ್ಲಿ ಹಾಲುಣಿಸುವ ರೂಮು ಎಷ್ಟು ಅನುಕೂಲ ಅಂದರೆ, ಬಾಗಿಲು ಹಾಕಿಕೊಂಡು ಕುರ್ಚಿಯಲ್ಲಿ ಒರಗಿ ಕೂತಾಗ ನನಗೆ ಮೊದಲ ಸಲ ಯಾರ ಭಯವೂ ಇಲ್ಲದೆ ಹೊರಗೆ ಹಾಲು ಕೊಡುತ್ತಿದ್ದೇನೆ ಅನಿಸಿತು. ನಮ್ಮೂರಿನಲ್ಲೂ ಇದು ಎಲ್ಲಾ ಕಡೆ ಬರಬೇಕು.

ಬೊಟಾನಿಕ್ ಗಾರ್ಡನ್ಸ್‌ಗೆ ಏಳು ಸಲ ಹೋದೆವು. ಮೂರನೇ ಸಲ ಹುಲ್ಲಿನ ಮೇಲೆ ಬಿಟ್ಟಾಗ ಕಾಲು ಮೇಲೆತ್ತಿಕೊಂಡಳು, ಚುಚ್ಚಿತು ಅನಿಸುತ್ತೆ. ಐದನೇ ಸಲ ಒಂದೊಂದು ಬೆರಳು ಊರಿ ನೋಡಿದಳು. ಏಳನೇ ಸಲ ಅವರಪ್ಪನ ಚಪ್ಪಲಿ ಕಡೆಗೆ ಪೂರ್ತಿ ಹುಲ್ಲು ದಾಟಿ ತೆವಳಿದಳು. ಒಂದೇ ಸಲ ಹೋಗಿದ್ದರೆ ನಮಗೆ ಇದು ಕಾಣುತ್ತಲೇ ಇರಲಿಲ್ಲ.

ಗಾರ್ಡನ್ಸ್ ಬೈ ದ ಬೇಯಲ್ಲಿರುವ ಕ್ಲೌಡ್ ಫಾರೆಸ್ಟ್ ಅನ್ನುವ ಗಾಜಿನ ಮನೆ ಒಳಗೆ ನಿಜವಾಗಲೂ ಚಳಿ. 35 ಮೀಟರ್ ಎತ್ತರದಿಂದ ನೀರು ಬೀಳುತ್ತದೆ, ಹನಿ ಮುಖಕ್ಕೆ ಸಿಡಿಯುತ್ತದೆ. ಸ್ವೆಟರ್ ಒಯ್ಯಿರಿ. ಸೆಂಟೋಸಾ, ಚೈನಾಟೌನ್ ಹೋಗಲಿಲ್ಲ. ಎರಡು ದಿನ ಎಲ್ಲಿಗೂ ಹೋಗದೆ ಮನೆಯ ಕೆಳಗಿನ ಬಸ್ ಸ್ಟಾಪಿನಲ್ಲಿ ಕೂತು ಬಸ್ಸು ನೋಡಿದೆವು. ಎರಡಂತಸ್ತಿನ ಬಸ್ಸು ಬಂದರೆ ಕೈ ಬಡಿಯುತ್ತಾಳೆ. ಅವರಪ್ಪನೂ ಬಡಿಯುತ್ತಾರೆ.

ವಾಪಸ್ ಬರುವ ದಿನ ಚಾಂಗಿ ವಿಮಾನ ನಿಲ್ದಾಣಕ್ಕೆ ಮೂರು ಗಂಟೆ ಬೇಗ ಹೋಗಿ ಅಲ್ಲಿನ ಜ್ಯುವೆಲ್ ಮಾಲ್‌ನ 40 ಮೀಟರ್ ಜಲಪಾತದ ಎದುರು ಕೂತೆವು. ಅವಳು ಸ್ಟ್ರಾಲರ್‌ನಲ್ಲೇ ನಿದ್ದೆ ಹೋದಳು. ನಾವಿಬ್ಬರೂ ಕಾಫಿ ಕುಡಿದೆವು, ಜಾಸ್ತಿ ಮಾತಾಡಲಿಲ್ಲ.

ಮೈಸೂರಿನ ಅಜ್ಜಿ

ತುಂಬಾ ಸಂತೋಷ ಆಯಿತಮ್ಮ. ಅತ್ತೆಯ ಮಂಡಿ ಹೇಗಿದೆ?

ಪುಟ್ಟಿಯ ಅಮ್ಮ, ಬೆಂಗಳೂರು

ಫಿಸಿಯೋಥೆರಪಿ ನಡೀತಿದೆ ಅಮ್ಮ. ಈಗ ಮೆಟ್ಟಿಲು ಇಳಿಯುತ್ತಾರೆ. ಅಲ್ಲಿಂದ ಅವರಿಗೆ ದಿನಾ ವಿಡಿಯೋ ಕಾಲ್ ಮಾಡಿದೆವು.

ಮಂಡ್ಯದವನು

ಅಕ್ಕ, ಪೂರ್ತಿ ಓದಿದೆ. ನಮ್ಮ ಮಗನಿಗೆ ಈಗ ಐದು ತಿಂಗಳು. ಅಲ್ಲಿನ ಪ್ಲಗ್ ಪಾಯಿಂಟಿಗೆ ನಮ್ಮ ಚಾರ್ಜರ್ ಹೋಗುತ್ತಾ?

ಪುಟ್ಟಿಯ ಅಮ್ಮ, ಬೆಂಗಳೂರು

ಹೋಗಲ್ಲ ಅಣ್ಣ. ಅಲ್ಲಿ ಚಪ್ಪಟೆ ಮೂರು ಪಿನ್ನಿನದ್ದು, ಅಡಾಪ್ಟರ್ ಬೇಕು. ನಮ್ಮ ಹತ್ತಿರ ಎರಡಿದೆ, ಸ್ಟ್ರಾಲರ್‌ನ ಸೊಳ್ಳೆ ಪರದೆಯೂ ಇದೆ. ಬೆಂಗಳೂರಿಗೆ ಬಂದಾಗ ಒಂದು ಮೆಸೇಜ್ ಹಾಕಿ, ಮನೆಗೇ ಬಂದು ತಗೊಂಡು ಹೋಗಿ.